ಪ್ರೋಟೀನಿನೊಳಗೆ ಬಿಸಿ ಎತ್ತ ಹರಿಯುತ್ತದೆ?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನೀರೆಷ್ಟು, ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆಗೆ ಬಿಟ್ಟದ್ದೆಷ್ಟು, ಗೋಕಾಕ, ಮೂಡಲಗಿ ಭಾಗದ ವಿತರಣಾ ಕಾಲುವೆಗಳಿಗೆ ತಲುಪಿದ್ದೆಷ್ಟು ಎಂಬುದಕ್ಕೆ ಲೆಕ್ಕದ ಪುಸ್ತಕವಿದೆ. ಕಾಲುವೆಯ ಕೊನೆಯ ರೈತ ಆ ಲೆಕ್ಕವನ್ನು ಒಪ್ಪುತ್ತಾನೋ ಇಲ್ಲವೋ, ಅದು ಬೇರೆ ಮಾತು. ಒಳಬಂದದ್ದು, ಹೊರಹೋದದ್ದು, ನಡುವೆ ಇಂಗಿದ್ದು ಮೂರನ್ನೂ ಕೂಡಿಸಿ ಕಳೆದು ನೋಡಬಹುದು ಎಂಬುದರಲ್ಲಂತೂ ತಕರಾರಿಲ್ಲ. ಇಂಥ ಲೆಕ್ಕವನ್ನು ಒಂದೇ ಒಂದು ಪ್ರೋಟೀನ್ ಅಣುವಿನೊಳಗೆ ಹಾಕಲು ಸಾಧ್ಯವೇ? ಅಣುವಿನ ಒಂದು ಮೂಲೆಗೆ ಬಿದ್ದ ಶಕ್ತಿ ಯಾವ ಹಾದಿ ಹಿಡಿದು, ಎಷ್ಟು ಹೊತ್ತಿನಲ್ಲಿ, ಎಲ್ಲಿಗೆ ಹೋಗಿ ಸೇರುತ್ತದೆ? ಸುಮಾರು ಐದು ದಶಕಗಳಿಂದ ಕಂಪ್ಯೂಟರಿನ ಮುಂದೆ ಕುಳಿತು ಈ ಪ್ರಶ್ನೆಯನ್ನು ಕೆದಕುತ್ತಿರುವವರಿದ್ದಾರೆ. ಅವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ, ಮುಂಚೂಣಿಯಲ್ಲೇ ಇದ್ದಾರೆ. ಇಷ್ಟು ವರ್ಷಗಳಲ್ಲಿ ಗಟ್ಟಿಯಾಗಿ ತಿಳಿದದ್ದೇನು, ಇನ್ನೂ ಊಹೆಯ ಮಟ್ಟದಲ್ಲೇ ಇರುವುದೇನು ಎಂದು ನೋಡುವುದು ಈ ಲೇಖನದ ಕೆಲಸ.

ಕಾಲುವೆಯ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕಾಲುವೆಗೆ ಇಳಿಜಾರಿದೆ, ನೀರಿಗೆ ಹೋಗಬೇಕಾದ ದಿಕ್ಕು ಗೊತ್ತು. ಪ್ರೋಟೀನಿಗೆ ಇಳಿಜಾರಿಲ್ಲ. ನೂರಾರು ಅಮೈನೋ ಆಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಮಡಚಿ ಮುದುರಿ ಕೆಲವೇ ನ್ಯಾನೋಮೀಟರ್ ಅಗಲದ ಉಂಡೆಯಾಗಿರುತ್ತವೆ. ಅದರ ಪ್ರತಿಯೊಂದು ಪರಮಾಣುವೂ ದೇಹದ ಬಿಸಿಗೆ ಸದಾ ನಡುಗುತ್ತಿರುತ್ತದೆ. ಸುತ್ತಲಿನ ನೀರಿನ ಅಣುಗಳು ಎಡೆಬಿಡದೆ ಗುದ್ದುತ್ತಿರುತ್ತವೆ. ಹೊರಗಿನಿಂದ ಬಂದ ಶಕ್ತಿ ಹರಿಯಬೇಕಾದದ್ದು ಈ ಗದ್ದಲದ ನಡುವೆಯೇ.

ಅಳತೆ ಕೈಗೆ ಸಿಗಲೆಂದು ಒಂದು ಲೆಕ್ಕ. 18 ಗ್ರಾಂ ನೀರು ಗೋಕಾಕ ಜಲಪಾತದ 52 ಮೀಟರ್ ಎತ್ತರದಿಂದ ಕೆಳಗೆ ಬಿದ್ದರೆ ಸಿಗುವ ಶಕ್ತಿ ಸುಮಾರು 9 ಜೂಲ್. ಆ ನೀರಿನಲ್ಲಿ ಎಷ್ಟು ಅಣುಗಳಿವೆಯೋ ಅಷ್ಟೇ ಸಂಖ್ಯೆಯ ಎಟಿಪಿ ಅಣುಗಳು, ಅಂದರೆ ಜೀವಕೋಶದ ಶಕ್ತಿಯ ಚಿಲ್ಲರೆ ನಾಣ್ಯಗಳು, ಒಡೆದರೆ ಸಿಗುವುದು ಸುಮಾರು 30 ಸಾವಿರ ಜೂಲ್. ಅಷ್ಟೇ ಸಂಖ್ಯೆಯ ಹಸಿರು ಬೆಳಕಿನ ಕಣಗಳನ್ನು ಹೀರಿಕೊಂಡರೆ 2 ಲಕ್ಷ ಜೂಲಿಗೂ ಹೆಚ್ಚು. 19ನೇ ಶತಮಾನದಲ್ಲೇ ಗೋಕಾಕ ಮಿಲ್ಲನ್ನು ಓಡಿಸಿದ್ದು ಈ ಜಲಪಾತದ ನೀರು. ಅಣುವೊಂದಕ್ಕೆ ಹಂಚಿ ನೋಡಿದರೆ ಅದರ ಬಲ ಎಟಿಪಿಯ ಮೂರು ಸಾವಿರದಲ್ಲಿ ಒಂದು ಪಾಲೂ ಇಲ್ಲ! ಆದರೆ ಎಟಿಪಿಯನ್ನು ಹೋಲಿಸಬೇಕಾದದ್ದು ಜಲಪಾತದೊಡನೆ ಅಲ್ಲ, ಕೋಣೆಯ ಬಿಸಿಯ ನಡುಕದೊಡನೆ. ಆ ನಡುಕದ ಅಳತೆ ಇದೇ ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ಜೂಲ್. ಎಟಿಪಿ ಕೊಡುವ ಹೊಡೆತ ಅದರ ಹತ್ತು ಹನ್ನೆರಡು ಪಟ್ಟು ಮಾತ್ರ. ಜೀವಕೋಶದೊಳಗಿನ ಪರಿಸ್ಥಿತಿಯಲ್ಲಿ ಇಪ್ಪತ್ತು ಪಟ್ಟಿನವರೆಗೂ ಹೋಗಬಹುದು. ಗದ್ದಲಕ್ಕಿಂತ ಹತ್ತಿಪ್ಪತ್ತು ಪಟ್ಟು ಮಾತ್ರ ಜೋರಾದ ಈ ದನಿ ಚದುರಿಹೋಗುವ ಮೊದಲು ತನ್ನ ಕೆಲಸ ಮುಗಿಸಬೇಕು.

ಓದುಗರು ಇನ್ನೊಂದು ಗೊಂದಲದಿಂದಲೂ ಪಾರಾಗಬೇಕು. 'ಪ್ರೋಟೀನಿನಲ್ಲಿ ಶಕ್ತಿಯ ಹರಿವು' ಎಂಬ ಒಂದೇ ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತವೆ. ಮೊದಲನೆಯದು ಬಿಸಿ: ಪರಮಾಣುಗಳ ಕಂಪನ ಒಂದರಿಂದ ಇನ್ನೊಂದಕ್ಕೆ ದಾಟುವುದು. ಎರಡನೆಯದು ಸುದ್ದಿ: ಪ್ರೋಟೀನಿನ ಒಂದು ತುದಿಗೆ ಏನೋ ಬಂದು ಅಂಟಿಕೊಂಡರೆ ದೂರದ ಇನ್ನೊಂದು ತುದಿಯ ನಡವಳಿಕೆ ಬದಲಾಗುವುದು. ಮೂರನೆಯದು ಎಲೆಯ ಹಸಿರಿನಲ್ಲಿ ನಡೆಯುವ ಬೆಳಕಿನ ಶಕ್ತಿಯ ಜಿಗಿತ. ಮೂರಕ್ಕೂ ಗಣಿತ ಬೇರೆ, ವೇಗ ಬೇರೆ, ಪುರಾವೆ ಬೇರೆ. ಇವನ್ನು ಒಂದರೊಳಗೊಂದು ಬೆರೆಸಿದ್ದರಿಂದಲೇ ಈ ಕ್ಷೇತ್ರದಲ್ಲಿ ಅರ್ಧದಷ್ಟು ಜಗಳಗಳಾಗಿವೆ ಎಂಬುದು ನನ್ನ ಅನಿಸಿಕೆ.

ಬಿಸಿಯ ಕತೆ ಶುರುವಾಗುವುದು ಪ್ರೋಟೀನಿನಿಂದಲ್ಲ, ಸ್ಪ್ರಿಂಗಿನಿಂದ. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಫರ್ಮಿ, ಪಾಸ್ತಾ, ಉಲಾಮ್ ಮತ್ತು ಪ್ರೋಗ್ರಾಂ ಬರೆದ ಮೇರಿ ಸಿಂಗೌ ಒಂದು ಸಾಲು ಸ್ಪ್ರಿಂಗುಗಳನ್ನು ಕಂಪ್ಯೂಟರಿನೊಳಗೆ ಅಲುಗಾಡಿಸಿ ನೋಡಿದರು. ಅದರ ವರದಿ 1955ರದು. ಒಂದು ಬಗೆಯ ಕಂಪನಕ್ಕೆ ಕೊಟ್ಟ ಶಕ್ತಿ ಬೇಗನೆ ಎಲ್ಲ ಬಗೆಗಳಿಗೂ ಸಮನಾಗಿ ಹಂಚಿಹೋಗುತ್ತದೆ ಎಂದು ಅವರು ನಂಬಿದ್ದರು. ಹಾಗಾಗಲಿಲ್ಲ. ಶಕ್ತಿ ಕೆಲವೇ ಬಗೆಗಳಲ್ಲಿ ಸುತ್ತಾಡಿ, ಹೊರಟ ಜಾಗಕ್ಕೇ ಹೆಚ್ಚುಕಡಿಮೆ ಮರಳಿತು. ಸಿಂಗೌ ಅವರ ಹೆಸರು ಬಹುಕಾಲ ಅಡಿಟಿಪ್ಪಣಿಯಲ್ಲೇ ಉಳಿಯಿತು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಶಕ್ತಿ ಸಮನಾಗಿ ಚದುರಲೇಬೇಕೆಂದೇನಿಲ್ಲ, ಅದಕ್ಕೆ ತನ್ನದೇ ಹಾದಿಗಳಿರಬಹುದು ಎಂಬ ಯೋಚನೆಗೆ ಆ ಫಲಿತಾಂಶ ಬಾಗಿಲು ತೆರೆಯಿತು. 1970ರ ದಶಕದಲ್ಲಿ ಉಕ್ರೇನಿನ ದವಿದೋವ್ ಅದನ್ನು ಪ್ರೋಟೀನಿನ ಸುರುಳಿಗೆ ಅನ್ವಯಿಸಿ, ಎಟಿಪಿಯ ಶಕ್ತಿ ಚದುರದೆ ಒಂಟಿ ಅಲೆಯಾಗಿ ಸಾಗುತ್ತದೆ ಎಂದರು. ಸುಂದರ ಸಿದ್ಧಾಂತ. ಆದರೆ ದೇಹದ ಬಿಸಿಯಲ್ಲಿ ಆ ಅಲೆ ಬಾಳುವುದನ್ನು ತೋರಿಸಲು ಆಗಲಿಲ್ಲ. ಈಗ ಅದರ ಮಾತು ಕಡಿಮೆ.

ನಿಜವಾದ ಪ್ರೋಟೀನನ್ನು ಪರಮಾಣು ಪರಮಾಣುವಾಗಿ ಚಲಿಸುವಂತೆ ಮಾಡಿದ್ದು 1977ರಲ್ಲಿ. ಮೆಕ್‌ಕ್ಯಾಮನ್, ಗೆಲಿನ್ ಮತ್ತು ಕಾರ್ಪ್ಲಸ್ ಕೇವಲ 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಆರಿಸಿಕೊಂಡರು. ನಡೆಸಿದ್ದು ಸುಮಾರು 9 ಪಿಕೋ ಸೆಕೆಂಡ್. ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಪಿಕೋ ಸೆಕೆಂಡ್. ವಿಧಾನ ಈಗಲೂ ಅದೇ. ಪ್ರತಿ ಪರಮಾಣುವಿನ ಮೇಲೆ ಉಳಿದವುಗಳ ಎಳೆತ ತಳ್ಳಾಟ ಎಷ್ಟು ಎಂದು ಲೆಕ್ಕಹಾಕುವುದು, ನ್ಯೂಟನ್ನನ ನಿಯಮದಂತೆ ಒಂದೆರಡು ಫೆಮ್ಟೋ ಸೆಕೆಂಡಿನಷ್ಟು ಮುಂದೆ ಸರಿಸುವುದು, ಮತ್ತೆ ಲೆಕ್ಕಹಾಕುವುದು. ಫೆಮ್ಟೋ ಸೆಕೆಂಡ್ ಎಂದರೆ ಪಿಕೋ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಒಂದು ಪಿಕೋ ಸೆಕೆಂಡಿಗೆ ಐನೂರು ಸಲವಾದರೂ ಇಡೀ ಲೆಕ್ಕ ಮರುಕಳಿಸಬೇಕು. ಈ ಬಗೆಯ ಕೆಲಸಕ್ಕೆ ಬುನಾದಿ ಹಾಕಿದ್ದಕ್ಕಾಗಿ ಕಾರ್ಪ್ಲಸ್, ಲೆವಿಟ್ ಮತ್ತು ವಾರ್ಷೆಲ್ ಅವರಿಗೆ 2013ರ ರಸಾಯನ ವಿಜ್ಞಾನದ ನೊಬೆಲ್ ಬಂತು.

ಈ ವಿಧಾನಕ್ಕೆ ಸಿಕ್ಕ ಅತ್ಯುತ್ತಮ ಪರೀಕ್ಷೆ ಮಯೋಗ್ಲೋಬಿನ್. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನ್ ಇದು. ನಡುವೆ ಕಬ್ಬಿಣದ ಪರಮಾಣುವಿರುವ ಹೀಮ್ ಎಂಬ ಚಪ್ಪಟೆ ತಟ್ಟೆ. ಅದರ ಸುತ್ತ 153 ಅಮೈನೋ ಆಮ್ಲಗಳ ಸರಪಳಿ. ಹೀಮ್ ಬಣ್ಣದ ವಸ್ತುವಾದ್ದರಿಂದ ಲೇಸರ್ ಬೆಳಕನ್ನು ತಾನೊಂದೇ ಹೀರಿಕೊಳ್ಳುತ್ತದೆ. ಹೀರಿಕೊಂಡ ಕೂಡಲೇ ಆ ತಟ್ಟೆಯ ತಾಪ ನೂರಾರು ಡಿಗ್ರಿ ಏರುತ್ತದೆ. ಸುತ್ತಲಿನ ಪ್ರೋಟೀನ್ ಮಾತ್ರ ಇನ್ನೂ ತಣ್ಣಗೇ ಇರುತ್ತದೆ. ಪ್ರಕೃತಿಯೇ ಒಲೆ ಹೂಡಿಕೊಟ್ಟಂತಿರುವ ಈ ಜಾಗದಿಂದ ಬಿಸಿ ಎಷ್ಟು ಬೇಗ ಹೊರಹೋಗುತ್ತದೆ? 1986ರಲ್ಲಿ ಹೆನ್ರಿ, ಈಟನ್ ಮತ್ತು ಹಾಕ್‌ಸ್ಟ್ರಾಸರ್ ಕಂಪ್ಯೂಟರಿನಲ್ಲೇ ಲೆಕ್ಕಹಾಕಿ, ಸುಮಾರು ಅರ್ಧ ಪಾಲು ಮೊದಲ ಕೆಲವೇ ಪಿಕೋ ಸೆಕೆಂಡುಗಳಲ್ಲಿ, ಉಳಿದದ್ದು ಹತ್ತಾರು ಪಿಕೋ ಸೆಕೆಂಡುಗಳಲ್ಲಿ ನಿಧಾನವಾಗಿ ಹೋಗುತ್ತದೆ ಎಂದರು. ಆಗ ಅದನ್ನು ನೇರವಾಗಿ ಅಳೆಯುವ ಉಪಕರಣ ಕೈಯಲ್ಲಿರಲಿಲ್ಲ. ಹನ್ನೊಂದು ವರ್ಷಗಳ ನಂತರ, 1997ರಲ್ಲಿ, ಜಪಾನಿನ ಮಿಜುತಾನಿ ಮತ್ತು ಕಿತಗಾವಾ ಅಳೆದರು. ಶೇ 93ರಷ್ಟು ತಣಿಯುವಿಕೆಗೆ ಹಿಡಿದ ಕಾಲಮಾನ 1.9 ಪಿಕೋ ಸೆಕೆಂಡ್, ಉಳಿದ ಪಾಲಿಗೆ 16 ಪಿಕೋ ಸೆಕೆಂಡ್.

ಪಾಲುಗಳು ತಾಳೆಯಾಗಲಿಲ್ಲ, ಕಾಲದ ಅಂದಾಜು ತಾಳೆಯಾಯಿತು. ಮೊದಲು ಲೆಕ್ಕ, ಆಮೇಲೆ ಅಳತೆ ಎಂಬ ಕ್ರಮದಲ್ಲಿ ಬಂದದ್ದರಿಂದ ಇದನ್ನು ನಾನು ಈ ಕ್ಷೇತ್ರದ ಅತಿ ನಂಬಲರ್ಹ ಫಲಿತಾಂಶ ಎನ್ನುತ್ತೇನೆ. ಅಳತೆ ಬಂದ ಮೇಲೆ ಅದಕ್ಕೆ ಒಪ್ಪುವ ಲೆಕ್ಕ ಮಾಡುವುದು ಕಷ್ಟದ ಕೆಲಸವಲ್ಲ. ಮುಂದೆ 2001ರಲ್ಲಿ ಸ್ಯಾಗ್ನೆಲ್ಲಾ ಮತ್ತು ಸ್ಟ್ರಾಬ್ ಇನ್ನಷ್ಟು ಹತ್ತಿರದಿಂದ ನೋಡಿದರು. ಹೀಮ್ ತಟ್ಟೆಯ ಅಂಚಿನಲ್ಲಿ ಪ್ರೊಪಿಯೊನೇಟ್ ಎಂಬ ಎರಡು ಬಾಲಗಳಿವೆ. ಅವು ಪ್ರೋಟೀನಿನ ಮೈ ದಾಟಿ ಹೊರಗಿನ ನೀರಿಗೆ ಮುಖ ಮಾಡಿವೆ. ಬಿಸಿಯ ಮುಖ್ಯ ದಾರಿ ಆ ಬಾಲಗಳೇ, ಬಿಸಿ ನೇರವಾಗಿ ನೀರಿಗೆ ಇಳಿಯುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಶಕ್ತಿ ಎಲ್ಲ ದಿಕ್ಕಿಗೂ ಒಂದೇ ಸಮ ಹರಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಡೇವಿಡ್ ಲೈಟ್ನರ್ ಹಲವು ಪ್ರೋಟೀನುಗಳನ್ನು ತೆಗೆದುಕೊಂಡು ಇದೇ ಮಾತನ್ನು ಗಣಿತದಲ್ಲಿ ಹೇಳಿದರು: ಮಡಚಿಕೊಂಡ ಸರಪಳಿಯಲ್ಲಿ ಖಾಲಿ ಜಾಗಗಳೂ ಒತ್ತಾದ ಜಾಗಗಳೂ ಇರುವುದರಿಂದ ಕಂಪನದ ಶಕ್ತಿ ಸಾಧಾರಣ ಘನವಸ್ತುವಿನಲ್ಲಿ ಹರಡುವಂತೆ ಹರಡದೆ, ತಡೆದು ತಡೆದು ಸಾಗುತ್ತದೆ.

ಇನ್ನು ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದವರು ಜಿ.ಎನ್. ರಾಮಚಂದ್ರನ್, ವರ್ಷ 1971. ಅದಕ್ಕೂ ಮೊದಲು, ಮದರಾಸಿನಲ್ಲಿದ್ದಾಗ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರ ಜೊತೆ 1963ರಲ್ಲಿ ಅವರು ಪ್ರಕಟಿಸಿದ ನಕ್ಷೆ ಇಂದಿಗೂ ಜಗತ್ತಿನ ಬಹುತೇಕ ಜೀವರಸಾಯನ ಪಠ್ಯಗಳಲ್ಲಿದೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಎಂಬ ಸರಳ ನಿಯಮದಿಂದಲೇ ತೆಗೆದ ನಕ್ಷೆ ಅದು. ದೊಡ್ಡ ಯಂತ್ರವಿಲ್ಲದೆ, ಸರಿಯಾದ ಪ್ರಶ್ನೆ ಕೇಳಿ ಲೆಕ್ಕ ಮಾಡುವ ಪರಂಪರೆ ಆ ವಿಭಾಗಕ್ಕೆ ಹೀಗೆ ಬಂತು.

ಅದೇ ವಿಭಾಗದಲ್ಲಿ ಪ್ರಾಧ್ಯಾಪಕಿಯಾಗಿದ್ದ ಸರಸ್ವತಿ ವಿಶ್ವೇಶ್ವರ ಅವರ ತಂಡ 1990ರ ದಶಕದ ಕೊನೆಯಿಂದ ಪ್ರೋಟೀನನ್ನು ಬಲೆಯಾಗಿ ನೋಡತೊಡಗಿತು. ಪ್ರತಿ ಅಮೈನೋ ಆಮ್ಲ ಒಂದು ಗಂಟು. ಎರಡರ ನಡುವೆ ಸಾಕಷ್ಟು ಸಂಪರ್ಕವಿದ್ದರೆ ಒಂದು ಎಳೆ. ಆಮೇಲೆ ಗಣಿತಜ್ಞರ ಗ್ರಾಫ್ ಸಿದ್ಧಾಂತವನ್ನು ತಂದು, ಯಾವ ಗಂಟುಗಳು ಗುಂಪಾಗಿವೆ, ಯಾವ ಗಂಟಿಗೆ ಹೆಚ್ಚು ಎಳೆಗಳಿವೆ, ಒಂದರಿಂದ ಇನ್ನೊಂದಕ್ಕೆ ಹತ್ತಿರದ ದಾರಿ ಯಾವುದು ಎಂದು ಹುಡುಕುವುದು. ಕಣ್ಣನ್ ಜೊತೆಗಿನ ಅವರ ಲೇಖನ 1999ರದು, ಬೃಂದಾ ಜೊತೆಗಿನದು 2005ರದು. (ಅವರ ಪತಿ ಸಿ.ವಿ. ವಿಶ್ವೇಶ್ವರ ಕಪ್ಪುಕುಳಿಗಳನ್ನು ತಟ್ಟಿದರೆ ಅವು ಹೇಗೆ ಮಿಡಿದು ತಣ್ಣಗಾಗುತ್ತವೆ ಎಂಬುದನ್ನು 1970ರಲ್ಲೇ ಲೆಕ್ಕಹಾಕಿದವರು, ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು. ಒಂದೇ ಮನೆಯಲ್ಲಿ ಒಬ್ಬರು ಕಪ್ಪುಕುಳಿಯ ಕಂಪನ, ಇನ್ನೊಬ್ಬರು ಪ್ರೋಟೀನಿನ ಬಲೆ!)

2007ರಲ್ಲಿ ಅಮಿತ್ ಘೋಷ್ ಜೊತೆ ಸರಸ್ವತಿ ಅವರು ಪ್ರಕಟಿಸಿದ ಅಧ್ಯಯನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೀಥಿಯೋನಿಲ್ ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಉದ್ದ ಹೆಸರಿನ ಕಿಣ್ವ ಅದರ ವಿಷಯ. ಹೊಸ ಪ್ರೋಟೀನ್ ಕಟ್ಟುವಾಗ ಸರಿಯಾದ ಅಮೈನೋ ಆಮ್ಲವನ್ನು ಸರಿಯಾದ ವಾಹಕಕ್ಕೆ ಏರಿಸುವುದು ಅದರ ಕೆಲಸ. ವಾಹಕದ ಗುರುತಿನ ಚೀಟಿಯನ್ನು ಕಿಣ್ವ ಒಂದು ತುದಿಯಲ್ಲಿ ಓದುತ್ತದೆ; ಏರಿಸುವ ರಾಸಾಯನಿಕ ಕ್ರಿಯೆ ನಡೆಯುವುದು ಸುಮಾರು 7 ನ್ಯಾನೋಮೀಟರ್ ದೂರದ ಇನ್ನೊಂದು ತುದಿಯಲ್ಲಿ. ಅಣುಲೋಕದಲ್ಲಿ ಅದು ಬಹಳ ದೂರ. ಇಲ್ಲಿ ಓದಿದ್ದು ಅಲ್ಲಿಗೆ ಹೇಗೆ ಗೊತ್ತಾಗುತ್ತದೆ? ಅವರು ಕಿಣ್ವವನ್ನು ಕಂಪ್ಯೂಟರಿನಲ್ಲಿ ಚಲಿಸುವಂತೆ ಮಾಡಿ, ಯಾವ ಯಾವ ಅಮೈನೋ ಆಮ್ಲಗಳು ಜೊತೆಜೊತೆಗೆ ಅಲುಗುತ್ತವೆ ಎಂದು ಗುರುತಿಸಿದರು. ಆ ಮಾಹಿತಿಯನ್ನು ಬಲೆಯ ಮೇಲಿಟ್ಟು ಎರಡು ತುದಿಗಳ ನಡುವಿನ ಹತ್ತಿರದ ದಾರಿಗಳನ್ನು ತೆಗೆದರು. ನಿಂತ ಚಿತ್ರದಿಂದ ದಾರಿ ತೆಗೆಯುವುದು ಬೇರೆ, ಚಲಿಸುವ ಅಣುವಿನಿಂದ ತೆಗೆಯುವುದು ಬೇರೆ ಎಂಬುದನ್ನು ಈ ಕೆಲಸ ಮನದಟ್ಟು ಮಾಡಿತು.

ಮೂರು ವರ್ಷಗಳ ನಂತರ, 2010ರಲ್ಲಿ, ವಿಜಯಭಾಸ್ಕರ್ ಜೊತೆ ಅವರು ಎಳೆಗಳಿಗೆ ತೂಕ ಕೊಟ್ಟರು. ಎರಡು ಅಮೈನೋ ಆಮ್ಲಗಳು ಹತ್ತಿರವಿವೆ ಎಂಬಷ್ಟಕ್ಕೇ ಎಳೆ ಹಾಕದೆ, ಅವುಗಳ ನಡುವಿನ ಸೆಳೆತದ ಶಕ್ತಿ ಎಷ್ಟು ಎಂದು ಲೆಕ್ಕಹಾಕಿ ಎಳೆ ಹಾಕಿದರು. ಹೀಗೆ ಹುಟ್ಟಿದ್ದು ಪ್ರೋಟೀನ್ ಶಕ್ತಿಜಾಲ. ವಿದ್ಯುದಂಶಗಳ ಬಿಗಿ ಸೆಳೆತಗಳು ಪ್ರೋಟೀನಿನಲ್ಲಿ ಕಡಿಮೆ. ಅವು ಅಲ್ಲಲ್ಲಿ ಗಟ್ಟಿ ಗುಂಪುಗಳನ್ನು ಮಾಡುತ್ತವೆ. ಇಡೀ ಅಣುವನ್ನು ಒಂದಾಗಿ ಕಟ್ಟಿ ಹಿಡಿಯುವುದು ಲೆಕ್ಕಕ್ಕೇ ಬಾರದಂತಿರುವ ಸಡಿಲ ಸೆಳೆತಗಳ ದೊಡ್ಡ ಸಂಖ್ಯೆ. ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳ ಪ್ರೋಟೀನುಗಳನ್ನೂ ಸಾಮಾನ್ಯ ಜೀವಿಗಳವನ್ನೂ ಹೋಲಿಸಿ, ತಾಪ ತಾಳುವ ಗುಟ್ಟನ್ನು ಅವರು ಈ ಜಾಲದಲ್ಲೇ ಹುಡುಕಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ರಾಮಚಂದ್ರನ್ ನಕ್ಷೆಗೆ ಸಿಕ್ಕಿರುವ ಜಾಗದ ಕಾಲುಭಾಗವಾದರೂ ಈ ಕೆಲಸಕ್ಕೆ ಸಿಗಬೇಕಿತ್ತು, ಸಿಕ್ಕಿಲ್ಲ.

ಆದರೆ ದಾರಿ ಕಂಡ ಮಾತ್ರಕ್ಕೆ ಅದರಲ್ಲಿ ಯಾರೋ ಓಡಾಡುತ್ತಿದ್ದಾರೆ ಎಂದಾಗುವುದಿಲ್ಲ. ಪಿಡಿಜೆಡ್ ಎಂಬ ಸುಮಾರು ನೂರು ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ತುಣುಕಿನ ಕತೆ ಇದಕ್ಕೆ ಸಾಕ್ಷಿ. 1999ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಲಾಕ್‌ಲೆಸ್ ಮತ್ತು ರಾಮ ರಂಗನಾಥನ್ ಬೇರೆ ಬೇರೆ ಜೀವಿಗಳ ಪಿಡಿಜೆಡ್ ಸರಪಳಿಗಳನ್ನು ಸಾಲಾಗಿಟ್ಟರು. ವಿಕಾಸದ ಹಾದಿಯಲ್ಲಿ ಯಾವ ಸ್ಥಾನಗಳು ಜೊತೆಯಾಗಿ ಬದಲಾಗಿವೆ ಎಂದು ನೋಡಿ, ಶಕ್ತಿಯ ಸಂಪರ್ಕ ಈ ದಾರಿಯಲ್ಲಿದೆ ಎಂದರು. 2005ರಲ್ಲಿ ಓಟಾ ಮತ್ತು ಅಗಾರ್ಡ್ ಅದೇ ತುಣುಕನ್ನು ಕಂಪ್ಯೂಟರಿನಲ್ಲಿ ಬಹುತೇಕ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ, ಒಂದೇ ಒಂದು ಅಮೈನೋ ಆಮ್ಲವನ್ನು ಬಿಸಿ ಮಾಡಿ, ಬಿಸಿ ಎತ್ತ ಹೋಗುತ್ತದೆಂದು ನೋಡಿದರು; ರಂಗನಾಥನ್ ಹೇಳಿದ ದಾರಿಯನ್ನು ಹೋಲುವ ದಾರಿಯೇ ಕಂಡಿತು. ಎಲ್ಲರಿಗೂ ಸಮಾಧಾನವಾಯಿತು. 2008ರಲ್ಲಿ ಸ್ವೀಡನ್ನಿನ ಪೆರ್ ಯೆಮ್ಟ್ ತಂಡ ಪ್ರಯೋಗಾಲಯದಲ್ಲಿ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ಅಳೆದಾಗ ಆ ವಿಶೇಷ ದಾರಿಗೆ ಬೆಂಬಲ ಸಿಗಲಿಲ್ಲ. ಹತ್ತಿರವಿರುವವು ಹತ್ತಿರದವುಗಳ ಮೇಲೆ ಪ್ರಭಾವ ಬೀರುತ್ತವೆ ಎನ್ನುವುದೇ ಹೆಚ್ಚುಕಡಿಮೆ ಅವರಿಗೆ ಕಂಡದ್ದು.

ಮೇಲೆ ಹೇಳಿದ ಗೊಂದಲ ಇಲ್ಲಿ ಕೈಗೆ ಸಿಗುತ್ತದೆ. ವಿಕಾಸದ ಲೆಕ್ಕ ಹೇಳುವುದು ಒಂದು, ಬಿಸಿಯ ಲೆಕ್ಕ ಹೇಳುವುದು ಇನ್ನೊಂದು. ಬಿಸಿ ಕೆಲವು ಪಿಕೋ ಸೆಕೆಂಡುಗಳಲ್ಲಿ ನೀರಿಗೆ ಇಳಿದುಹೋಗುತ್ತದೆ. ಪ್ರೋಟೀನು ತನ್ನ ಆಕಾರ ಬದಲಿಸಿ ದೂರದ ತುದಿಗೆ ಸುದ್ದಿ ಮುಟ್ಟಿಸಲು ಅದಕ್ಕಿಂತ ಸಾವಿರ, ಲಕ್ಷ, ಕೋಟಿ ಪಟ್ಟು ಹೊತ್ತು ಹಿಡಿಯುತ್ತದೆ. ಎರಡೂ ಒಂದೇ ದಾರಿಯಲ್ಲಿ ಸಾಗುತ್ತವೆ ಎನ್ನಲು ಪ್ರತಿ ಪ್ರೋಟೀನಿಗೂ ಬೇರೆ ಪುರಾವೆ ಬೇಕು. ಜರ್ಮನಿಯ ಬ್ರೆಡೆನ್‌ಬೆಕ್ ತಂಡ ಆ ಪುರಾವೆಯ ಕಡೆಗೆ ಹೆಜ್ಜೆ ಇಟ್ಟಿದೆ. ಪ್ರೋಟೀನಿನ ಗೊತ್ತಾದ ಸ್ಥಾನದಲ್ಲಿ ಬೆಳಕಿಗೆ ಬಿಸಿಯಾಗುವ ಅಮೈನೋ ಆಮ್ಲವೊಂದನ್ನು, ಇನ್ನೊಂದು ಸ್ಥಾನದಲ್ಲಿ ಬಿಸಿ ತಲುಪಿದ್ದನ್ನು ತಿಳಿಸುವ ಅಮೈನೋ ಆಮ್ಲವೊಂದನ್ನು ಕೂರಿಸಿ, 2019ರಲ್ಲಿ ಅವರು ಇದೇ ಪಿಡಿಜೆಡ್ ತುಣುಕಿನೊಳಗಿನ ಶಕ್ತಿಯ ಪಯಣವನ್ನು ನೇರವಾಗಿ ಅಳೆದರು. ಲೆಕ್ಕದವರಿಗೆ ಬೇಕಾದದ್ದು ಇಂಥ ಅಳತೆ.

ಮೂರನೆಯ ಬಗೆಯ ಹರಿವನ್ನು ಬೇಗ ಮುಗಿಸುತ್ತೇನೆ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಹೊಲಗಳ ಎಲೆ ಎಲೆಯಲ್ಲೂ ಅದು ನಡೆಯುತ್ತಿದ್ದರೂ ಸಹ. ಎಲೆಯ ಬೆಳಕು ಹಿಡಿಯುವ ಪ್ರೋಟೀನು ತನ್ನ ಒಂದೊಂದು ಘಟಕದಲ್ಲಿ 14 ಕ್ಲೋರೋಫಿಲ್ ಅಣುಗಳನ್ನು ನಿಗದಿತ ದೂರದಲ್ಲಿ ಹಿಡಿದಿಟ್ಟಿರುತ್ತದೆ. ಬೆಳಕಿನ ಶಕ್ತಿ ಅವುಗಳ ನಡುವೆ ಜಿಗಿಯುತ್ತಾ ಕೇಂದ್ರವನ್ನು ಸೇರುತ್ತದೆ. 2007ರಲ್ಲಿ ಬರ್ಕ್ಲಿಯ ತಂಡವೊಂದು ಹಸಿರು ಗಂಧಕ ಬ್ಯಾಕ್ಟೀರಿಯಾದ ಇಂಥ ಪ್ರೋಟೀನಿನಲ್ಲಿ ಶಕ್ತಿ ಕ್ವಾಂಟಂ ಅಲೆಯಾಗಿ ಏಕಕಾಲಕ್ಕೆ ಹಲವು ದಾರಿಗಳನ್ನು ನೋಡುತ್ತದೆ ಎಂದಾಗ ಪತ್ರಿಕೆಗಳು ಕುಣಿದಾಡಿದವು. ಆ ಪ್ರಯೋಗ ನಡೆದದ್ದು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಕೋಣೆಯ ತಾಪದಲ್ಲಿ ಆ ಅಲೆ ಶಕ್ತಿಯ ಸಾಗಾಟಕ್ಕೆ ನೆರವಾಗುವಷ್ಟು ಹೊತ್ತು ಬದುಕುವುದಿಲ್ಲ ಎಂದು 2017ರ ಅಳತೆಗಳು ತೋರಿಸಿದವು. ಹಿಂದಿನ ಉತ್ಸಾಹ ಅತಿಯಾಗಿತ್ತು ಎಂದು ಆ ಕ್ಷೇತ್ರದ ಹಲವರು ಸೇರಿ 2020ರಲ್ಲಿ ಬರೆದರು. ಹಾಗೆ ಬರೆಯುವ ಧೈರ್ಯವನ್ನು ಮೆಚ್ಚಬೇಕು.

ಕಂಪ್ಯೂಟರ್ ಮಾದರಿಗಳ ಒಳಗಿನ ಹುಳುಕನ್ನೂ ಹೇಳಬೇಕು. ಅವು ಪರಮಾಣುಗಳನ್ನು ನ್ಯೂಟನ್ನನ ನಿಯಮದಂತೆ ಚಲಿಸುವಂತೆ ಮಾಡುತ್ತವೆ. ಕಾರ್ಬನ್ ಮತ್ತು ಹೈಡ್ರೋಜನ್ ನಡುವಿನ ಬಂಧದಂಥ ಬಿರುಸಿನ ಕಂಪನಗಳು ದೇಹದ ಬಿಸಿಯಲ್ಲಿ ನಿಜಕ್ಕೂ ಬಿಸಿಯನ್ನು ಹೀರಿಕೊಳ್ಳುವುದೇ ಇಲ್ಲ. ಕ್ವಾಂಟಂ ನಿಯಮ ಅದಕ್ಕೆ ಬಿಡುವುದಿಲ್ಲ. ನ್ಯೂಟನ್ ಮಾದರಿಯಲ್ಲಿ ಅವಕ್ಕೂ ಸಮಪಾಲು ಸಿಕ್ಕಿಬಿಡುತ್ತದೆ. ಅಂದರೆ ಬಿಸಿಯ ಹಂಚಿಕೆಯನ್ನೇ ತಿಳಿಯಬೇಕಾದ ಕಡೆ ಹಂಚಿಕೆಯ ನಿಯಮವೇ ತಪ್ಪು. ತಿದ್ದುಪಡಿಗಳಿವೆ, ಪೂರ್ತಿ ಪರಿಹಾರವಿಲ್ಲ. ಎರಡನೆಯದು ನೀರು. ಪ್ರೋಟೀನಿಗೆ ಅಂಟಿದ ನೀರಿನ ಪದರ ಹೊರಗಿನ ನೀರಿನಂತೆ ವರ್ತಿಸುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಬಿಮನ್ ಬಾಗ್ಚಿ ಇದರ ಮೇಲೆ ದಶಕಗಳ ಕೆಲಸ ಮಾಡಿದ್ದಾರೆ. ಬಿಸಿ ಕೊನೆಗೆ ಸೇರುವುದು ಆ ಪದರಕ್ಕೇ ಆದ್ದರಿಂದ ಅದನ್ನು ಬಿಟ್ಟು ಮಾಡಿದ ಲೆಕ್ಕ ಅರ್ಧ ಲೆಕ್ಕ.

ಈಚೆಗೆ ಆಲ್ಫಾಫೋಲ್ಡ್ ಎಂಬ ತಂತ್ರಾಂಶ ಬಂದ ಮೇಲೆ ಎಲ್ಲ ಮುಗಿಯಿತು ಎಂಬ ಮಾತು ಕೇಳುತ್ತಿದೆ. ಅದು ಕೋಟಿಗಟ್ಟಲೆ ಪ್ರೋಟೀನುಗಳ ಆಕಾರವನ್ನು ಊಹಿಸಿ ಕೊಟ್ಟಿದೆ, ಅದನ್ನು ಕಟ್ಟಿದವರು 2024ರ ನೊಬೆಲ್ಲಿನಲ್ಲಿ ಪಾಲು ಪಡೆದಿದ್ದಾರೆ, ನಿಜ. ಆದರೆ ಅದು ಕೊಡುವುದು ನಿಂತ ಆಕಾರ. ಅದರೊಳಗೆ ಶಕ್ತಿ ಹೇಗೆ ಸಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಮುಟ್ಟಿಲ್ಲ. ಬದಲಿಗೆ ಶಕ್ತಿಜಾಲ ಕಟ್ಟುವವರಿಗೆ ಕಚ್ಚಾಮಾಲು ರಾಶಿ ಬಿದ್ದಿದೆ. ದೊಡ್ಡ ಲೆಕ್ಕಕ್ಕೆ ದೊಡ್ಡ ಯಂತ್ರವೂ ಇದೆ: ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ ವೇಗದ್ದು.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ಬಿಸಿಯ ಹರಿವಿನ ಬಗ್ಗೆ ಕಂಪ್ಯೂಟರ್ ಹೇಳುವ ಮಾತನ್ನು, ಅಳತೆ ಇರುವ ಕಡೆ, ನಂಬಬಹುದು. ಸುದ್ದಿಯ ದಾರಿಗಳ ಬಣ್ಣಬಣ್ಣದ ಚಿತ್ರಗಳನ್ನು ಸದ್ಯಕ್ಕೆ ಒಳ್ಳೆಯ ಊಹೆಗಳೆಂದು ಇಟ್ಟುಕೊಳ್ಳಬೇಕು. ಆ ಊಹೆಗಳಲ್ಲಿ ಬೆಂಗಳೂರಿನ ಶಕ್ತಿಜಾಲ ಹೆಚ್ಚು ಪ್ರಾಮಾಣಿಕವಾದದ್ದು, ಏಕೆಂದರೆ ಅದು ಎಳೆ ಎಳೆಗೂ ತೂಕ ಹೇಳುತ್ತದೆ, ಯಾರು ಬೇಕಾದರೂ ತಿರುಗಿ ತೂಗಿ ನೋಡಬಹುದು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳಲ್ಲಿ ಬಿಎಸ್ಸಿ ಓದುತ್ತಿರುವವರಿಗೆ ಒಂದು ಮಾತು. ಪ್ರೋಟೀನುಗಳ ಆಕಾರದ ಜಾಗತಿಕ ಭಂಡಾರ 1971ರಲ್ಲಿ ಏಳೇ ಏಳು ಆಕಾರಗಳಿಂದ ಶುರುವಾಯಿತು; ಇಂದು ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚಿವೆ, ಎಲ್ಲವೂ ಉಚಿತ. ಅವನ್ನು ಚಲಿಸುವಂತೆ ಮಾಡುವ ಗ್ರೋಮ್ಯಾಕ್ಸ್ ತಂತ್ರಾಂಶವೂ ಉಚಿತ. ಮಯೋಗ್ಲೋಬಿನ್ನನ್ನು ನೀರಿನಲ್ಲಿಟ್ಟು ಕೆಲವು ನೂರು ಪಿಕೋ ಸೆಕೆಂಡ್ ಓಡಿಸಲು ಪರಮ್ ಪ್ರವೇಗ ಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಹೀಮ್ ತಟ್ಟೆಯನ್ನು ಬಿಸಿ ಮಾಡಿ, ಅದರ ಎರಡು ಪ್ರೊಪಿಯೊನೇಟ್ ಬಾಲಗಳನ್ನು ತೆಗೆದುಹಾಕಿದರೆ ತಣಿಯಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.